ಹಿಯರಿಂಗ್ ಏಡ್ ಸದ್ದನ್ನು ಕಿವಿಯೊಳಗೇ ಅಳೆಸಿಕೊಳ್ಳುವುದು ಹೇಗೆ?

"ಮಿಷನ್ ಹಾಕಿದ್ರೆ ಸದ್ದೆಲ್ಲ ಕೇಳುತ್ತೆ, ಮಾತು ಮಾತ್ರ ಬಿಡಿಸಿ ಕೇಳಲ್ಲ. ಇನ್ನೂ ಜಾಸ್ತಿ ರೇಟಿನದು ತಗೋಬೇಕಾ?" ಓದುಗರಿಂದ ಬರುವ ಪತ್ರಗಳಲ್ಲಿ ಈ ಪ್ರಶ್ನೆ ತಪ್ಪುವುದೇ ಇಲ್ಲ. ನಾನು ತಿರುಗಿ ಕೇಳುವುದೂ ಒಂದೇ. ಈಗ ಇರುವ ಮಿಷನ್ನನ್ನು ನಿಮ್ಮ ಕಿವಿಯೊಳಗೆ ಅಳೆದು ನೋಡಿದ್ದಾರಾ? "ಓ, ಕಂಪ್ಯೂಟರಿಗೆ ಹಾಕಿ ಅಡ್ಜಸ್ಟ್ ಮಾಡಿದ್ರಲ್ಲ" ಎಂಬ ಉತ್ತರ ಬರುತ್ತದೆ. ಅದು ಅಳತೆ ಅಲ್ಲ. ಕಿವಿಯೊಳಗೆ ತೆಳ್ಳನೆಯ ಒಂದು ನಳಿಕೆ ಬಿಟ್ಟು, ಕಿವಿ ತಮಟೆಯ ಹತ್ತಿರ ಎಷ್ಟು ಸದ್ದು ಬೀಳುತ್ತಿದೆ ಎಂದು ನೋಡುವುದು ಅಳತೆ. ಇದಕ್ಕೆ ರಿಯಲ್ ಇಯರ್ ಮೆಷರ್‌ಮೆಂಟ್ ಅಂತಾರೆ. ಕ್ಲಿನಿಕ್‌ಗಳಲ್ಲಿ ಬರೀ ರೆಮ್ ಅಥವಾ ಪ್ರೋಬ್ ಮೈಕ್ ಟೆಸ್ಟ್ ಅಂದರೂ ಗೊತ್ತಾಗುತ್ತದೆ. ಎರಡೂ ಕಿವಿಗೆ ಸೇರಿ ಅರ್ಧ ಗಂಟೆ ಇಟ್ಟುಕೊಳ್ಳಿ. ನೋವಿಲ್ಲ, ಸೂಜಿ ಇಲ್ಲ.

ಕಂಪ್ಯೂಟರಿನಲ್ಲಿ ಕಾಣುವ ಗೆರೆ ಯಾಕೆ ಸಾಲದು?

ಆ ಪರದೆಯಲ್ಲಿ ಕಾಣುವುದು ಕಂಪನಿಯ ಸಾಫ್ಟ್‌ವೇರ್ ಹಾಕಿದ ಲೆಕ್ಕ. ಸರಾಸರಿ ಕಿವಿಯೊಂದನ್ನು ಊಹಿಸಿಕೊಂಡು, ಅದರಲ್ಲಿ ಇಷ್ಟು ಸದ್ದು ಬರಬಹುದು ಎಂದು ಬರೆದ ಗೆರೆ. ಮಿಷನ್ನನ್ನು ಕಾರ್ಖಾನೆಯಲ್ಲಿ ಪರೀಕ್ಷಿಸುವುದು 2 ಘನ ಸೆಂಟಿಮೀಟರಿನ ಒಂದು ಪುಟ್ಟ ಲೋಹದ ಗೂಡಿನಲ್ಲಿ. ಇದಕ್ಕೆ ಕಪ್ಲರ್ ಎಂದು ಹೆಸರು. ನಿಮ್ಮ ಕಿವಿಗೆ ಅಚ್ಚು, ಅಂದರೆ ಕಿವಿಯ ಅಳತೆಗೆ ಮಾಡಿಸಿದ ಬಿರಡೆ, ಹಾಕಿದ ಮೇಲೆ ಅಚ್ಚಿಗೂ ತಮಟೆಗೂ ನಡುವೆ ಉಳಿಯುವ ಜಾಗ ಅದಕ್ಕಿಂತ ಸಾಕಷ್ಟು ಕಡಿಮೆ. ಅದೇ ಸದ್ದು ಚಿಕ್ಕ ಜಾಗದಲ್ಲಿ ಸಿಕ್ಕಿಕೊಂಡರೆ ಒತ್ತಡ ಜಾಸ್ತಿ. ಎಳೆ ಕೂಸಿನ ಕಿವಿಯಲ್ಲಂತೂ ಕೀರಲು ಸ್ವರಗಳಲ್ಲಿ ಈ ವ್ಯತ್ಯಾಸ 15 ಡೆಸಿಬೆಲ್ ಕೂಡ ದಾಟಬಹುದು.

ನಲ್ಲಿ ಕೆಳಗೆ ಕೊಡ ಇಟ್ಟಿದ್ದೀರಲ್ಲ? ಮೊದಲು ದಪ್ಪ ಸದ್ದು. ನೀರು ಕಂಠಕ್ಕೆ ಬರ್ತಾ ಬರ್ತಾ ಸದ್ದು ಕೀರಲಾಗುತ್ತದೆ. ಒಳಗಿನ ಗಾಳಿಯ ಜಾಗ ಕುಗ್ಗಿದಷ್ಟೂ ಕೊಡ ಮೇಲಿನ ಸ್ವರಕ್ಕೆ ಅನುರಣಿಸುತ್ತದೆ. ಅಡುಗೆಮನೆಯಲ್ಲಿ ನಿಂತೇ ಕೊಡ ತುಂಬಿತು ಎಂದು ಗೊತ್ತಾಗುವುದು ಇದರಿಂದಲೇ. ಕಿವಿಯ ನಾಳವೂ ಅಂಥದ್ದೇ ಪುಟ್ಟ ಕೊಡ. ದೊಡ್ಡವರಲ್ಲಿ ಅದರ ಉದ್ದ ಸುಮಾರು 25 ಮಿಲಿಮೀಟರ್. ಬರಿಗಿವಿ ಇದ್ದಾಗ 2,700 ಹರ್ಟ್ಜ್ ಆಸುಪಾಸಿನ ಸ್ವರಗಳನ್ನು ಅದು ತಾನಾಗಿಯೇ 15ರಿಂದ 20 ಡೆಸಿಬೆಲ್ ಎತ್ತಿ ಕೊಡುತ್ತದೆ. ಹರ್ಟ್ಜ್ ಅಂದರೆ ಸ್ವರ ಎಷ್ಟು ದಪ್ಪ, ಎಷ್ಟು ಕೀರಲು ಎನ್ನುವ ಲೆಕ್ಕ; ಡೆಸಿಬೆಲ್ ಅಂದರೆ ಎಷ್ಟು ಜೋರು ಎನ್ನುವ ಲೆಕ್ಕ. ಅಚ್ಚು ಹಾಕಿ ನಾಳ ಮುಚ್ಚಿದ ಕೂಡಲೇ ಈ ಬಿಟ್ಟಿ ಸಹಾಯ ಹೋಯಿತು. ಮಿಷನ್ ಮೊದಲು ಅದನ್ನು ತುಂಬಿಕೊಡಬೇಕು, ಆಮೇಲೆ ನಿಮ್ಮ ಕಿವುಡಿನ ಲೆಕ್ಕ. ಒಬ್ಬೊಬ್ಬರ ಕೊಡ ಒಂದೊಂದು ಆಕಾರ. ನಿಮ್ಮದು ಎಷ್ಟು ಅಂತ ಸಾಫ್ಟ್‌ವೇರಿಗೆ ಹೇಗೆ ಗೊತ್ತಾಗಬೇಕು?

ಕಂಪನಿಯ ಮೊದಲ ಸೆಟ್ಟಿಂಗ್ ತಪ್ಪಿದಾಗ ಹೆಚ್ಚಾಗಿ ಕೀರಲು ಸ್ವರಗಳಲ್ಲೇ ಸದ್ದು ಕಡಿಮೆ ಬೀಳುತ್ತದೆ. ಹೊಸಬರಿಗೆ ಕರ್ಕಶ ಅನ್ನಿಸಬಾರದು ಎಂದು ಬೇಕೆಂದೇ ಮೆತ್ತಗೆ ಇಡುವುದೂ ಉಂಟು. ಆದರೆ ಸ, ಶ, ಚ, ತ, ಕ ಇವುಗಳ ಗುರುತು ಇರುವುದೇ ಅಲ್ಲಿ. ಆ, ಊ, ಓ ಮೊದಲಾದ ಸ್ವರಾಕ್ಷರಗಳ ಬಲ ದಪ್ಪ ಸ್ವರಗಳಲ್ಲಿದೆ. ಹಾಗಾಗಿ ಸದ್ದು ಕೇಳುತ್ತದೆ, "ಕಾಸು" ಅಂದರೋ "ಕಾಲು" ಅಂದರೋ ತಿಳಿಯುವುದಿಲ್ಲ.

ಹೋಗುವ ಮುನ್ನ

ಮೊದಲು ಫೋನ್ ಮಾಡಿ ಎರಡು ವಿಷಯ ಕೇಳಿ. "ನಿಮ್ಮಲ್ಲಿ ಪ್ರೋಬ್ ಮೈಕ್ ಇಟ್ಟು ಅಳೆಯುವ ಉಪಕರಣ ಇದೆಯಾ?" "ನನ್ನ ಕಂಪನಿಯ ಮಿಷನ್ನಿಗೆ ಬೇಕಾದ ಸಾಫ್ಟ್‌ವೇರ್, ಕೇಬಲ್ ಇದೆಯಾ?" ಎರಡನೆಯದನ್ನು ಜನ ಮರೆಯುತ್ತಾರೆ. ಅಳೆಯುವುದಕ್ಕೆ ಯಾವ ಕಂಪನಿಯಾದರೂ ಸರಿ, ಆದರೆ ಅಳೆದ ಮೇಲೆ ತಿದ್ದಬೇಕಲ್ಲ? ಕೆಲವು ಮಾರಾಟ ಮಳಿಗೆಗಳ ಮಿಷನ್‌ಗಳು ಅವರದೇ ಸಾಫ್ಟ್‌ವೇರಿಗೆ ಲಾಕ್ ಆಗಿರುತ್ತವೆ. ಬೇರೆಯವರು ಮುಟ್ಟಲಾಗುವುದಿಲ್ಲ. ಹೊಸದಾಗಿ ಕೊಳ್ಳುವವರು ಲಾಕ್ ಇದೆಯಾ, ರಿಯಲ್ ಇಯರ್ ಅಳತೆ ಬೆಲೆಯಲ್ಲೇ ಸೇರಿದೆಯಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಮಾಡುವವರು ಆಡಿಯಾಲಜಿಸ್ಟ್ ಆಗಿರಬೇಕು. ನಮ್ಮ ದೇಶದಲ್ಲಿ ಅವರು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿರಬೇಕು. ನಂಬರ್ ಕೇಳಿದರೆ ತಪ್ಪೇನಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ಆಯಿಷ್, ನಮ್ಮ ಕಡೆಯವರಿಗೆ ಗೊತ್ತಿರುವ ಜಾಗ. ದೊಡ್ಡ ಆಸ್ಪತ್ರೆಗಳ ಆಡಿಯಾಲಜಿ ವಿಭಾಗಗಳಲ್ಲೂ ವಿಚಾರಿಸಿ. ಅಂಗವಿಕಲರಿಗೆ ಸಾಧನ ಕೊಡುವ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಸಿಕ್ಕ ಮಿಷನ್ನನ್ನೂ ಹೀಗೆ ಅಳೆಯಬಹುದು. ಬಿಟ್ಟಿ ಬಂದದ್ದು, ಇಷ್ಟೇ ಅಂತ ಸುಮ್ನೆ ಡ್ರಾಯರ್‌ನಲ್ಲಿ ಇಡಬೇಡಿ.

ಕಿವಿ ಚೊಕ್ಕಟವಾಗಿರಬೇಕು. ಗುಗ್ಗೆ ತುಂಬಿದ್ದರೆ ಎರಡು ಮೂರು ದಿನ ಮೊದಲೇ ಇಎನ್‌ಟಿ ಡಾಕ್ಟರ ಹತ್ತಿರ ತೆಗೆಸಿ. ಕಡ್ಡಿ, ಹೇರ್‌ಪಿನ್, ಬಡ್ಸ್ ಬೇಡ. ಹಿಂದಿನ ರಾತ್ರಿ ಬೆಚ್ಚಗಿನ ಎಣ್ಣೆಯೂ ಬೇಡ, ನಳಿಕೆ ಕಟ್ಟಿಕೊಳ್ಳುತ್ತದೆ. ಕಿವಿ ಸೋರುತ್ತಿದ್ದರೆ, ನೋವಿದ್ದರೆ ವಾಸಿಯಾಗುವವರೆಗೆ ಮುಂದಕ್ಕೆ ಹಾಕಿ. ತಮಟೆಯಲ್ಲಿ ತೂತು ಇದ್ದರೆ, ಹಿಂದೆ ಕಿವಿ ಆಪರೇಷನ್ ಆಗಿದ್ದರೆ ಬಾಗಿಲಲ್ಲೇ ಹೇಳಿ. ಅಂಥವರ ಕಿವಿ ಸರಾಸರಿಯಿಂದ ಬಲು ದೂರ ಇರುತ್ತದೆ, ಅವರಿಗೇ ಈ ಅಳತೆ ಹೆಚ್ಚು ಬೇಕು.

ಚೀಲದಲ್ಲಿ ಇರಬೇಕಾದದ್ದು: ಎರಡೂ ಮಿಷನ್, ಅಚ್ಚು ಅಥವಾ ಡೋಮ್, ಹೊಸ ಬ್ಯಾಟರಿ ಅಥವಾ ಚಾರ್ಜರ್, ಇತ್ತೀಚಿನ ಆಡಿಯೋಗ್ರಾಂ. ಡೋಮ್ ಅಂದರೆ ತುದಿಯಲ್ಲಿರುವ ಛತ್ರಿಯಂಥ ರಬ್ಬರ್. ಆಡಿಯೋಗ್ರಾಂ ಅಂದರೆ ಕಿವಿ ಪರೀಕ್ಷೆಯ ಚಾರ್ಟ್. ಅದು ಹಳೆಯದಾಗಿದ್ದರೆ ಹೊಸದು ಮಾಡಿಸಿಕೊಂಡೇ ಮುಂದುವರಿಯಿರಿ. ಎಷ್ಟು ಸದ್ದು ಬೇಕು ಎನ್ನುವ ಗುರಿ ಹಾಕುವುದೇ ಅದರ ಮೇಲೆ. ನಿಮ್ಮ ಜೊತೆ ದಿನಾ ಮಾತಾಡುವ ಒಬ್ಬರನ್ನೂ ಕರೆದುಕೊಂಡು ಹೋಗಿ, ಕೊನೆಯಲ್ಲಿ ಅವರ ದನಿ ಬೇಕಾಗುತ್ತದೆ.

ಹಂತ 1: ಕೂರುವುದು, ಕಿವಿ ತೋರಿಸುವುದು

ದೀಪದ ಉಪಕರಣದಿಂದ ಕಿವಿಯೊಳಗೆ ನೋಡುತ್ತಾರೆ. ಆಮೇಲೆ ಸ್ಪೀಕರ್ ಎದುರು ಕೂರಿಸುತ್ತಾರೆ, ಅರ್ಧ ಮೀಟರಿನಿಂದ ಒಂದು ಮೀಟರ್ ದೂರದಲ್ಲಿ. ಫ್ಯಾನ್ ಗಿರಗಿಟ್ಟುತ್ತಿದ್ದರೆ ಆರಿಸಲು ಹೇಳಿ. ಸೆಕೆಯಾದರೂ ಅಷ್ಟು ಹೊತ್ತು ತಡೆದುಕೊಳ್ಳಿ.

ಹಂತ 2: ನಳಿಕೆಯನ್ನು ಸರಿತೂಗಿಸುವುದು

ಕಿವಿಗೆ ಒಂದು ಪುಟ್ಟ ಕೊಕ್ಕೆ ನೇತುಹಾಕುತ್ತಾರೆ. ಅದರಲ್ಲಿ ಎರಡು ಮೈಕ್ ಇವೆ. ಒಂದು ಹೊರಗಿನ ಸದ್ದು ಕೇಳುತ್ತದೆ, ಇನ್ನೊಂದಕ್ಕೆ ಮೆತ್ತನೆಯ ಸಿಲಿಕೋನ್ ನಳಿಕೆ ಅಂಟಿಕೊಂಡಿರುತ್ತದೆ. ನಳಿಕೆಯ ತುದಿಯನ್ನು ಹೊರಗಿನ ಮೈಕಿನ ಬಾಯಿಗೆ ಹಿಡಿದು ಒಮ್ಮೆ ಸದ್ದು ಬಿಡುತ್ತಾರೆ. ಉದ್ದ ನಳಿಕೆಯಲ್ಲಿ ಹಾದು ಬರುವಾಗ ಸದ್ದು ಬದಲಾಗುತ್ತದಲ್ಲ, ಅದನ್ನು ಉಪಕರಣ ಕಳೆದುಬಿಡಲಿ ಅಂತ. ಇದು ಕೆಲವೇ ಸೆಕೆಂಡಿನ ಕೆಲಸ. ನಳಿಕೆ ಪ್ರತಿಯೊಬ್ಬರಿಗೂ ಹೊಸದೇ ಇರಬೇಕು.

ಹಂತ 3: ನಳಿಕೆ ಒಳಗೆ ಬಿಡುವುದು

ಇಡೀ ಪರೀಕ್ಷೆ ನಿಂತಿರುವುದು ಇದರ ಮೇಲೆ. ನಳಿಕೆಯ ಮೇಲೆ ಒಂದು ಕರಿ ಉಂಗುರ ಇರುತ್ತದೆ. ಅದನ್ನು ತುದಿಯಿಂದ ಹೆಂಗಸರಿಗೆ ಸುಮಾರು 28 ಮಿಲಿಮೀಟರ್, ಗಂಡಸರಿಗೆ ಸುಮಾರು 30 ಮಿಲಿಮೀಟರ್ ದೂರಕ್ಕೆ ಸರಿಸುತ್ತಾರೆ. ಮಕ್ಕಳಿಗೆ ಇನ್ನೂ ಕಡಿಮೆ. ಕಿವಿ ತೂತಿನ ಮುಂದೆ ಪುಟ್ಟ ಮುಚ್ಚಳದಂಥ ಭಾಗ ಇದೆಯಲ್ಲ, ಬೆರಳಿಟ್ಟು ಕಿವಿ ಮುಚ್ಚಿಕೊಳ್ಳುವಾಗ ಒತ್ತುತ್ತೀರಲ್ಲ, ಅದು. ಅದರ ಕೆಳಗಿನ ಕಚ್ಚಿನಲ್ಲಿ ಉಂಗುರ ಬಂದು ಕೂರುವವರೆಗೆ ನಳಿಕೆಯನ್ನು ನಾಳದ ತಳಕ್ಕೆ ಒರಗಿಸಿಕೊಂಡು ನಿಧಾನವಾಗಿ ಬಿಡುತ್ತಾರೆ. ಆಗ ತುದಿ ತಮಟೆಗೆ 5 ಮಿಲಿಮೀಟರಿಗಿಂತ ಹತ್ತಿರ ಇರುತ್ತದೆ. ಮಿಷನ್ ಅಥವಾ ಅಚ್ಚಿನ ತುದಿಗಿಂತ ಕನಿಷ್ಠ 5 ಮಿಲಿಮೀಟರ್ ಮುಂದೆಯೂ ಇರಬೇಕು.

ನಿಮಗೆ ಇರುವೆ ಹರಿದ ಹಾಗೆ ಆಗುತ್ತದೆ. ಕೆಲವರಿಗೆ ಕೆಮ್ಮು ಬರುತ್ತದೆ. ಗಾಬರಿ ಬೇಡ, ಕಿವಿ ನಾಳದ ಚರ್ಮಕ್ಕೂ ಗಂಟಲಿಗೂ ಒಂದೇ ನರದ ಕವಲುಗಳು ಹೋಗಿವೆ. ತುದಿ ತಮಟೆಗೆ ತಾಗಿದರೆ ಟಕ್ ಎಂದು ಸದ್ದಾಗಿ ಚುರುಕ್ ಅನ್ನುತ್ತದೆ. ತೂತಾಗುವಷ್ಟು ಗಟ್ಟಿ ಅಲ್ಲ ಅದು. "ತಾಗ್ತು" ಅಂತ ಹೇಳಿ, ಒಂದು ಚೂರು ಹಿಂದೆ ಎಳೆಯುತ್ತಾರೆ.

ಅಷ್ಟು ಒಳಗೆ ಯಾಕೆ? ತಮಟೆಗೆ ಬಡಿದ ಸದ್ದು ವಾಪಸ್ಸು ಬಂದು ಒಳಬರುವ ಸದ್ದನ್ನು ಒಂದು ಜಾಗದಲ್ಲಿ ನುಂಗಿಹಾಕುತ್ತದೆ. 6,000 ಹರ್ಟ್ಜ್ ಸ್ವರಕ್ಕೆ ಆ ಜಾಗ ತಮಟೆಯಿಂದ ಸುಮಾರು 14 ಮಿಲಿಮೀಟರ್ ಹೊರಗೆ. ನಳಿಕೆಯ ತುದಿ ಅಲ್ಲೇ ನಿಂತುಬಿಟ್ಟರೆ ಪರದೆಯಲ್ಲಿ ಆ ಸ್ವರ ಇಲ್ಲವೇ ಇಲ್ಲ ಎನ್ನುವ ಹಾಗೆ ಒಂದು ಹಳ್ಳ ಕಾಣುತ್ತದೆ. ಮಿಷನ್ ಸಾಲದು ಎಂದುಕೊಂಡು ಸುಮ್ನೆ ಸದ್ದು ಏರಿಸುತ್ತಾ ಹೋಗುತ್ತಾರೆ. ತಮಟೆಗೆ ಬೀಳುತ್ತಿರುವುದು ಆಗಲೇ ಬೇಕಾದಷ್ಟಿದೆ!

ಕೆಲಸ ಕಲಿಯುವಾಗ ನಾನೇ ಇನ್ನೊಂದು ಎಡವಟ್ಟು ಮಾಡಿದ್ದೆ. ಗೆರೆ ಏರುತ್ತಲೇ ಇಲ್ಲ, ಸಾಫ್ಟ್‌ವೇರಿನಲ್ಲಿ ಎಷ್ಟು ಎತ್ತಿದರೂ ಅಷ್ಟೇ. ಕೊನೆಗೆ ನಳಿಕೆ ತೆಗೆದರೆ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಗ್ಗೆ. ಗೆರೆ ಅಲ್ಲಾಡದೆ ಮಲಗಿದ್ದರೆ "ನಳಿಕೆ ಒಮ್ಮೆ ನೋಡ್ತೀರಾ?" ಎಂದು ನೀವೇ ಕೇಳಬಹುದು.

ಹಂತ 4: ಬರಿಗಿವಿ, ಆಮೇಲೆ ಮಿಷನ್

ಮಿಷನ್ ಇಲ್ಲದೆ ಒಮ್ಮೆ ಅಳೆದರೆ ನಿಮ್ಮ ಕೊಡದ ಸ್ವಂತ ಅನುರಣನೆ ಸಿಗುತ್ತದೆ. ನಳಿಕೆ ಸರಿ ಕೂತಿದೆಯೇ ಎನ್ನುವುದೂ ಇಲ್ಲೇ ತಿಳಿಯುತ್ತದೆ. ಆಮೇಲೆ ನಳಿಕೆ ಕದಲದ ಹಾಗೆ ಮಿಷನ್ ಹಾಕುತ್ತಾರೆ. ಕೈ ಹಾಕಿ ಸರಿಮಾಡಿಕೊಳ್ಳಬೇಡಿ, ಅವರಿಗೇ ಬಿಡಿ. ಫೋನಿನ ಬ್ಲೂಟೂತ್ ಆಫ್ ಮಾಡಿ. ಅಳತೆಯ ನಡುವೆ ಮಗಳ ಕರೆ ಬಂದರೆ ಎಲ್ಲ ಮೊದಲಿಂದ.

ಹಂತ 5: ಮಾತಿನ ಸದ್ದು ಬಿಟ್ಟು ಗೆರೆ ಕೂಡಿಸುವುದು

ಸ್ಪೀಕರಿನಿಂದ ಒಬ್ಬ ಹೆಂಗಸು ಏನೋ ಮಾತಾಡಿದ ಹಾಗೆ ಕೇಳುತ್ತದೆ. ಒಂದಕ್ಷರ ಅರ್ಥವಾಗುವುದಿಲ್ಲ. ನಿಮ್ಮ ಕಿವಿಯ ತಪ್ಪಲ್ಲ, ಯಾರಿಗೂ ಆಗುವುದಿಲ್ಲ. ಅಮೆರಿಕನ್ ಇಂಗ್ಲಿಷ್, ಅರಬಿ, ಚೀನಿ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮಾತಾಡುವ ಆರು ಹೆಂಗಸರ ದನಿ ಕತ್ತರಿಸಿ ಪೋಣಿಸಿದ ಧ್ವನಿ ಅದು. ಕನ್ನಡ ಇಲ್ಲವಲ್ಲ ಎಂದು ಬೇಜಾರು ಬೇಡ. ಹೊತ್ತು ಹಿಡಿದು ಸರಾಸರಿ ತೆಗೆದರೆ ಭಾಷೆ ಭಾಷೆಗಳ ನಡುವೆ ದಪ್ಪ, ಕೀರಲು ಸ್ವರಗಳ ಹಂಚಿಕೆ ಹೆಚ್ಚು ಬದಲಾಗುವುದಿಲ್ಲ. ಬರೀ ಕುಯ್ಯೋ ಎನ್ನುವ ಸ್ವರ ಬಿಟ್ಟರೆ ಮಿಷನ್ ಅದನ್ನು ಗದ್ದಲ ಎಂದುಕೊಂಡು ತಗ್ಗಿಸಿಬಿಡಬಹುದು, ಅದಕ್ಕೇ ಮಾತಿನಂಥದ್ದು ಬೇಕು.

ಪರದೆಯಲ್ಲಿ ಒಂದು ಗುರಿ ಗೆರೆ ಇರುತ್ತದೆ. ನಿಮ್ಮ ಆಡಿಯೋಗ್ರಾಂ ಇಟ್ಟುಕೊಂಡು ಒಂದು ಸೂತ್ರ ಅದನ್ನು ಹಾಕುತ್ತದೆ. ದೊಡ್ಡವರಿಗೆ ಹೆಚ್ಚು ಬಳಕೆಯಲ್ಲಿರುವುದು ಆಸ್ಟ್ರೇಲಿಯಾದ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನ ಎನ್‌ಎಎಲ್ ಎನ್‌ಎಲ್2. ಮಕ್ಕಳಿಗೆ ಹೆಚ್ಚಾಗಿ ಕೆನಡಾದಲ್ಲಿ ಹುಟ್ಟಿದ ಡಿಎಸ್‌ಎಲ್. ಕಂಪನಿಯ ಸ್ವಂತ ಸೂತ್ರಕ್ಕೇ ಕೂಡಿಸಿ "ಗುರಿ ಮುಟ್ಟಿತು" ಅಂದರೆ ತೃಪ್ತಿಪಡಬೇಡಿ, ಪ್ರಶ್ನೆಪತ್ರಿಕೆ ಬರೆದವರೇ ಉತ್ತರವನ್ನೂ ತಿದ್ದಿದ ಹಾಗೆ. ಎನ್‌ಎಎಲ್ ಎನ್‌ಎಲ್2ರಲ್ಲಿ ಭಾಷೆಯ ಒಂದು ಆಯ್ಕೆಯೂ ಇದೆ. ಚೀನಿಯಂತೆ ರಾಗದಲ್ಲೇ ಅರ್ಥ ಬದಲಾಗುವ ಭಾಷೆಯೋ ಅಲ್ಲವೋ ಎಂದು ಕೇಳುತ್ತದೆ. ಕನ್ನಡ ಅಂಥ ಭಾಷೆ ಅಲ್ಲ. ಮಿಷನ್ ಹೊಸಬರೋ ಹಳಬರೋ ಎನ್ನುವುದನ್ನೂ ಸರಿಯಾಗಿ ತುಂಬಿರಬೇಕು.

ಮೊದಲು 65 ಡೆಸಿಬೆಲ್, ಅಂದರೆ ಮಾಮೂಲಿ ಮಾತು. ನಿಮ್ಮ ಗೆರೆ ಗುರಿಗಿಂತ ಎಲ್ಲಿ ಕೆಳಗಿದೆಯೋ ಅಲ್ಲಿ ಏರಿಸುತ್ತಾರೆ, ಮತ್ತೆ ಅಳೆಯುತ್ತಾರೆ. ಮುಖ್ಯ ಸ್ವರಗಳಲ್ಲಿ ಆಚೀಚೆ 5 ಡೆಸಿಬೆಲ್ ಒಳಗೆ ಬಂದರೆ ಒಳ್ಳೆಯದು. ತೀರಾ ಮೇಲಿನ ಸ್ವರಗಳಲ್ಲಿ ಮಿಷನ್ನಿಗೇ ಅಷ್ಟು ಶಕ್ತಿ ಇರುವುದಿಲ್ಲ, ಒಮ್ಮೊಮ್ಮೆ ಬಿಡಬೇಕಾಗುತ್ತದೆ. ಆಮೇಲೆ 50 ಅಥವಾ 55ರ ಮೆಲುಮಾತು, 75 ಅಥವಾ 80ರ ಜೋರು ಮಾತು. 65 ಒಂದನ್ನೇ ನೋಡಿ ಮುಗಿಸುವವರಿದ್ದಾರೆ. ಮೆಲುಮಾತು ಬಿಟ್ಟರೆ ಪಕ್ಕದ ಕೋಣೆಯಿಂದ ಕರೆದದ್ದು ಕೇಳದೆ ಉಳಿಯುತ್ತದೆ.

ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ. ಆಡಿಯೋಗ್ರಾಂನಲ್ಲಿ ಗೆರೆ ಕೆಳಗಿಳಿದಷ್ಟೂ ಕಿವುಡು ಜಾಸ್ತಿ. ಈ ಪರದೆ ತಲೆಕೆಳಗು, ಮೇಲೆ ಹೋದಷ್ಟೂ ಜೋರು. ನಿಮ್ಮ ಕಿವಿ ಕೇಳಬಲ್ಲ ಕನಿಷ್ಠ ಮಟ್ಟವೂ ಒಂದು ಗೆರೆಯಾಗಿ ಇಲ್ಲೇ ಕಾಣುತ್ತದೆ. ಮಾತಿನ ಪಟ್ಟಿ ಆ ಗೆರೆಗಿಂತ ಮೇಲೆ ಎಷ್ಟಿದೆಯೋ ಅಷ್ಟೇ ನಿಮಗೆ ಕೇಳುವುದು. ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ಜೊತೆಗೆ ಬಂದವರನ್ನು ಮಾತಾಡಿಸಿ. ಹೆಂಡತಿ "ಕಾಫಿ ಬೇಕಾ" ಅಂದರೆ ಆ ಮಾತೇ ಪರದೆಯಲ್ಲಿ ಏಳುತ್ತದೆ. ಬೇಕಾದ ಕಡೆ ಅದು ಗೆರೆ ದಾಟಿತಾ ಇಲ್ಲವಾ, ಇಬ್ಬರಿಗೂ ಕಣ್ಣಿಗೇ ಕಾಣುತ್ತದೆ.

ತೆರೆದ ಡೋಮ್ ಹಾಕುವವರಿಗೆ ಒಂದು ಎಚ್ಚರಿಕೆ. ಒಳಗಿನ ಜೋರು ಸದ್ದು ಡೋಮಿನ ತೂತುಗಳಿಂದ ಹೊರಗೆ ಸೋರಿ ಹೊರ ಮೈಕಿಗೆ ತಲುಪುತ್ತದೆ. ಸ್ಪೀಕರೇ ಜೋರಾಯಿತು ಎಂದುಕೊಂಡು ಉಪಕರಣ ಅದನ್ನು ತಗ್ಗಿಸುತ್ತದೆ, ಅಳತೆ ತಪ್ಪುತ್ತದೆ. ಇದಕ್ಕೆ ಉಪಕರಣದಲ್ಲಿ ಓಪನ್ ಫಿಟ್ ಎನ್ನುವ ಬೇರೆ ವಿಧಾನ ಇದೆ. ಮಿಷನ್ ಮ್ಯೂಟ್ ಮಾಡಿ ಮೊದಲೇ ಸ್ಪೀಕರಿನ ಮಟ್ಟ ಹಿಡಿದಿಟ್ಟುಕೊಳ್ಳುತ್ತಾರೆ. ಅದಾದ ಮೇಲೆ ತಲೆ ಅಲ್ಲಾಡಿಸಲೇಬೇಡಿ.

ಹಂತ 6: ತೀರಾ ಜೋರು ಸದ್ದು

85 ಅಥವಾ 90 ಡೆಸಿಬೆಲ್‌ನ ಬೀಪ್‌ಗಳು ಸಾಲಾಗಿ ಬರುತ್ತವೆ. ಮಿಷನ್ ಎಷ್ಟೇ ಜೋರು ಸದ್ದು ಬಂದರೂ ನಿಮ್ಮ ಸಹನೆಯ ಮಿತಿ ದಾಟಿಸುತ್ತಿಲ್ಲ ಎಂದು ನೋಡಲು. ಜೋರು ಅನ್ನಿಸಬೇಕು, ನೋಯಬಾರದು. ನೋಯುವಂತಿದ್ದರೆ ಕೂಡಲೇ ಕೈ ಎತ್ತಿ. ಇದನ್ನು ಬಿಟ್ಟರೆ ಮದುವೆಮನೆಯ ವಾಲಗ, ಕುಕ್ಕರಿನ ಸೀಟಿ ಕೇಳಿದಾಗ ಮಿಷನ್ ಕಿತ್ತು ಜೇಬಿಗೆ ಹಾಕಿಕೊಳ್ಳುವಂತಾಗುತ್ತದೆ.

ಹಂತ 7: ನಳಿಕೆ ತೆಗೆದು, ಕೇಳಿ ನೋಡುವುದು

ಜೊತೆಗೆ ಬಂದವರು ತುಟಿ ಕಾಣದ ಹಾಗೆ ಬಾಯಿಗೆ ಹಾಳೆ ಅಡ್ಡ ಹಿಡಿದು ಆರು ಧ್ವನಿ ಹೇಳಲಿ: ಆ, ಈ, ಊ, ಮ್, ಶ್, ಸ್. ಲಿಂಗ್ ಪರೀಕ್ಷೆ ಎಂದು ಇದಕ್ಕೆ ಹೆಸರು. ದಪ್ಪದಿಂದ ಕೀರಲಿನವರೆಗೆ ಮಾತಿನ ಹರವು ಇವುಗಳಲ್ಲಿದೆ. ಮನೆಯಲ್ಲಿ ದಿನಾ ಬೆಳಿಗ್ಗೆಯೂ ಮಾಡಬಹುದು. ಒಂದು ದಿನ ಸ್ ಕೇಳದಿದ್ದರೆ ಮೊದಲು ಮಿಷನ್ ತುದಿಯ ಗುಗ್ಗೆ ಜಾಲರಿ ನೋಡಿ.

ಸರಿಯಾಗಿ ಕೂಡಿಸಿದ ಮಿಷನ್ ಮೊದಲ ದಿನ ಕಿರಿಕಿರಿ ಅನ್ನಿಸಬಹುದು. ಪೇಪರ್ ಮಡಚಿದ್ದು, ಚಮಚ ಬಿದ್ದದ್ದು ಎಲ್ಲ ಚುರುಚುರು. "ಜೋರಾಯ್ತು, ಕಡಿಮೆ ಮಾಡಿ" ಎಂದು ಅಲ್ಲೇ ಹೇಳಿದರೆ ಅಳೆದದ್ದೆಲ್ಲ ನೀರಲ್ಲಿ ಹೋಮ. ಎರಡು ಮೂರು ವಾರ ಹಾಕಿ ನೋಡಿ. ತಡೆಯಲಾಗದಿದ್ದರೆ ಗುರಿಗಿಂತ ಸ್ವಲ್ಪ ಕೆಳಗಿಟ್ಟು ಹಂತಹಂತವಾಗಿ ಏರಿಸುವಂತೆ ಕೇಳಿ. ಗುರಿ ಗೆರೆಯೂ ಸರಾಸರಿಯದ್ದೇ, ಅದರ ಆಚೀಚೆ ನಿಮ್ಮ ರುಚಿಗೆ ಜಾಗವಿದೆ.

ಮಕ್ಕಳಿಗಾದರೆ

ಮಗು ಅಲ್ಲಾಡದೆ ಕೂರುವುದಿಲ್ಲ, ಅಲ್ವಾ? ಅದಕ್ಕೊಂದು ಉಪಾಯ ಇದೆ. ಮಗುವಿನ ಕಿವಿಯಲ್ಲಿ ಒಂದೇ ಸಲ, ಕೆಲವೇ ಸೆಕೆಂಡು ಅಳೆದು, ಕಪ್ಲರ್ ಗೂಡಿಗೂ ಈ ಕಿವಿಗೂ ಇರುವ ವ್ಯತ್ಯಾಸ ಹಿಡಿಯುತ್ತಾರೆ. ಇದಕ್ಕೆ ಆರ್‌ಇಸಿಡಿ ಎಂದು ಹೆಸರು. ಆಮೇಲೆ ಮಗು ಹೊರಗೆ ಆಡಿಕೊಂಡಿರಲಿ, ಮಿಷನ್ನನ್ನು ಗೂಡಿನಲ್ಲೇ ಇಟ್ಟು ಸರಿಪಡಿಸಬಹುದು. ನಿದ್ದೆ ಮಾಡುವ ಹೊತ್ತಿಗೆ ಕರೆದುಕೊಂಡು ಹೋದರೆ ಅರ್ಧ ಕೆಲಸ ಸುಲಭ. ಆದರೆ ಕಿವಿ ಬೆಳೆಯುತ್ತದೆ, ಹೊಸ ಅಚ್ಚು ಬಂದಾಗಲೆಲ್ಲ ಈ ವ್ಯತ್ಯಾಸ ಹೊಸದಾಗಿ ಅಳೆಯಬೇಕು. ಕಳೆದ ವರ್ಷದ್ದೇ ಸಾಕು ಎಂದರೆ ಒಪ್ಪಬೇಡಿ.

"ನಮ್ಮಲ್ಲೂ ಟೆಸ್ಟ್ ಮಾಡ್ತೀವಿ" ಅಂದಾಗ

ಮಿಷನ್ ಹಾಕಿಸಿ ಕೋಣೆಯಲ್ಲಿ ಬೀಪ್ ಕೇಳಿಸಿ ಹಾಕುವ ಚಾರ್ಟ್ ಬೇರೆ, ಅದು ಏಡೆಡ್ ಆಡಿಯೋಗ್ರಾಂ. ನಿಮಗೆ ಕೇಳುವ ಅತಿ ಮೆಲ್ಲಗಿನ ಸದ್ದು ಯಾವುದು ಎಂದಷ್ಟೇ ಹೇಳುತ್ತದೆ. ಮಾಮೂಲಿ ಮಾತಿನಲ್ಲಿ, ಜೋರು ಮಾತಿನಲ್ಲಿ ಮಿಷನ್ ಏನು ಮಾಡುತ್ತಿದೆ ಎಂದು ಹೇಳುವುದಿಲ್ಲ. ಮಿಷನ್ನಿನಿಂದಲೇ ಬೀಪ್ ಬಿಟ್ಟು ಮಾಡುವ ಪರೀಕ್ಷೆಯೂ ಬೇರೆ. ಕಿವಿಯೊಳಗೆ ನಳಿಕೆ ಹೋಗಲಿಲ್ಲ ಅಂದರೆ ಅದು ರಿಯಲ್ ಇಯರ್ ಅಲ್ಲ. ಮೊಬೈಲ್ ಆ್ಯಪ್ ಕೂಡ ಅಲ್ಲ. ಮನೆಯಲ್ಲಿ ಯಾವುದೇ ನಳಿಕೆ ತೂರಿಸಿ ಪ್ರಯೋಗ ಮಾಡಬೇಡಿ.

ಒಳಕಿವಿಯ ಕೋಶ, ನರ ತೀರಾ ಹಾಳಾಗಿದ್ದರೆ ಗೆರೆ ಕೂಡಿದರೂ ಮಾತು ಪೂರ್ತಿ ಸ್ಪಷ್ಟವಾಗುವುದಿಲ್ಲ. ಆಗಲೂ ಈ ಅಳತೆ ಕೆಲಸಕ್ಕೆ ಬರುತ್ತದೆ. ಸದ್ದು ತಲುಪುತ್ತಿದೆ, ತೊಂದರೆ ಬೇರೆ ಕಡೆ ಇದೆ ಎಂದು ಗೊತ್ತಾದರೆ ಇನ್ನೊಂದು ದುಬಾರಿ ಮಿಷನ್ನಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ಹೊರಡುವಾಗ ಗ್ರಾಫಿನ ಪ್ರಿಂಟ್ ಕೇಳಿ ಪಡೆಯಿರಿ, ಎರಡೂ ಕಿವಿಯದ್ದು. ಅದರ ಹಿಂದೆ ತಾರೀಖು, ಸೂತ್ರದ ಹೆಸರು, ಡೋಮಿನ ಸೈಜು ಬರೆದಿಡಿ. ಡೋಮ್ ಬದಲಾದರೆ, ಅಚ್ಚು ಹೊಸದಾದರೆ, ಮಿಷನ್ ರಿಪೇರಿಗೆ ಹೋಗಿ ಬಂದರೆ ಈ ಪ್ರಿಂಟ್ ಹಳತಾಯಿತು, ಮತ್ತೆ ಅಳೆಸಬೇಕು. ಮುಂದಿನ ಭೇಟಿಗೆ "ಸರಿಯಾಗಿ ಕೇಳಲ್ಲ" ಎಂದು ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ ಸ್ಟಾಪಿನ ಹೆಸರು, ಫೋನಿನಲ್ಲಿ ಮೊಮ್ಮಗಳ ಮಾತು, ಟಿವಿ ವಾರ್ತೆ, ಹೀಗೆ ಎಲ್ಲಿ ಯಾರ ಮಾತು ತಪ್ಪಿತು ಎಂದು ಕ್ಯಾಲೆಂಡರಿನ ಮೇಲೇ ಗೀಚಿಟ್ಟುಕೊಂಡು ಹೋಗಿ.